ಅಧ್ಯಾತ್ಮದ ಪುಸ್ತಕ, ಸಿನಿಮಾಗಳನ್ನು ಬೆಂಗಳೂರಿನಲ್ಲಿ ಜನರಿಗೆ ಮುಟ್ಟಿಸುವುದು ಹೇಗೆ?

ಧ್ಯಾನ, ಅಧ್ಯಾತ್ಮ, ಸಮಾಧಾನದ ಬದುಕು. ಈ ಬಗೆಯ ಪುಸ್ತಕಗಳಿಗೆ ಬೆಂಗಳೂರಿನಲ್ಲಿ ಓದುಗರ ಬರವಿಲ್ಲ. ಆದರೆ ಈ ಓದುಗರು ಜಾಹೀರಾತು ನೋಡಿ ಕೊಳ್ಳುವುದು ಕಡಿಮೆ. ನಂಬಿಕೆಯವರು ಯಾರಾದರೂ ಹೇಳಬೇಕು. ಇಲ್ಲವೇ ತಾವೇ ಎರಡು ಪುಟ ಓದಿ, ಹತ್ತು ನಿಮಿಷ ಕಣ್ಣು ಮುಚ್ಚಿ ಕೂತು ನೋಡಬೇಕು. ಆಮೇಲೆ ಕೊಳ್ಳುತ್ತಾರೆ. ಕೊಂಡಮೇಲೆ ಮಾತ್ರ ನಾಲ್ಕು ಜನಕ್ಕೆ ಹೇಳದೆ ಬಿಡುವುದಿಲ್ಲ.

ಹಾಗಾಗಿ ನಾನು ಹೇಳುವುದೆಲ್ಲ ಒಂದೇ ಮಾತಿನ ಮೇಲೆ ನಿಂತಿದೆ. ಪುಸ್ತಕ ಎಷ್ಟು ಚೆನ್ನಾಗಿದೆ ಎಂದು ಹೇಳುತ್ತಾ ಕೂರಬೇಡಿ, ಅದರ ಒಂದು ತುಣುಕನ್ನೇ ಜನರ ಕೈಗೆ, ಕಿವಿಗೆ ಕೊಡಿ. ಸಣ್ಣ ಗುಂಪುಗಳಿಗೆ ಕೊಡಿ, ಮತ್ತೆ ಮತ್ತೆ ಕೊಡಿ. ಡಿ.ವಿ.ಜಿ. ಅವರ ಮಂಕುತಿಮ್ಮನ ಕಗ್ಗ ಬಂದದ್ದು 1943ರಲ್ಲಿ. ಇವತ್ತಿಗೂ ಅದಕ್ಕೆ ಹೊಸ ಓದುಗರು ಸಿಗುತ್ತಿರುವುದು ವಾಚನ, ವ್ಯಾಖ್ಯಾನ, ಬೆಳಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಬರುವ ಒಂದೊಂದು ಪದ್ಯದಿಂದ. ಫ್ಲೆಕ್ಸ್ ನೋಡಿ ಕಗ್ಗ ಕೊಂಡವರನ್ನು ನಾನಂತೂ ಕಂಡಿಲ್ಲ.

ಮುಂದಿನದು ಪುಸ್ತಕ ಬರೆದವರಿಗೆ, ಸಣ್ಣ ಪ್ರಕಾಶಕರಿಗೆ, ಸ್ವಂತ ದುಡ್ಡಿನಲ್ಲಿ ಸಾಕ್ಷ್ಯಚಿತ್ರ ಮಾಡಿದವರಿಗೆ. ದೊಡ್ಡ ಬಜೆಟ್ ಇರುವವರಿಗೆ ಬೇರೆ ದಾರಿಗಳಿವೆ.

ಮೊದಲ ಹೆಜ್ಜೆ: ಓದುಗರು ಯಾರು, ಯಾವ ಹೊತ್ತಿಗೆ ಸಿಗುತ್ತಾರೆ

"ಎಲ್ಲರಿಗೂ" ಎಂಬ ಉತ್ತರ ಬೇಡ. ಬೆಂಗಳೂರಿನಲ್ಲಿ ಈ ವಿಷಯಕ್ಕೆ ಕನಿಷ್ಠ ಮೂರು ಬಗೆಯ ಜನ ಇದ್ದಾರೆ. ಒಬ್ಬರು ಬಸವನಗುಡಿ, ಮಲ್ಲೇಶ್ವರ, ರಾಜಾಜಿನಗರ, ಜಯನಗರದ ಹಿರಿಯರು. ಉಪನ್ಯಾಸ, ಸತ್ಸಂಗ, ಭಜನಾ ಮಂಡಳಿಗೆ ಹೋಗುವವರು. ದೊಡ್ಡ ಅಕ್ಷರ, ಹಗುರ ಪುಸ್ತಕ ಬೇಕು. ಇವರು ಸಿಗುವುದು ಬೆಳಗ್ಗೆ ಮತ್ತು ಸಂಜೆ 5ರ ಮೇಲೆ.

ಇನ್ನೊಬ್ಬರು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಕೆಲಸ ಮಾಡುವ ಕನ್ನಡಿಗರು. ದಿನಾ ಎರಡು ತಾಸು ಟ್ರಾಫಿಕ್, ರಾತ್ರಿ ನಿದ್ದೆ ಇಲ್ಲ. ಇವರು "ಅಧ್ಯಾತ್ಮ" ಎಂದರೆ ಸ್ವಲ್ಪ ದೂರ ಸರಿಯುತ್ತಾರೆ, "ಮೈಂಡ್‌ಫುಲ್‌ನೆಸ್" ಎಂದರೆ ಹತ್ತಿರ ಬರುತ್ತಾರೆ. ಪುಸ್ತಕಕ್ಕಿಂತ ಆಡಿಯೋ ಜಾಸ್ತಿ. ಮೆಟ್ರೋದಲ್ಲಿ ಕೇಳುತ್ತಾರೆ. ಮೂರನೆಯವರು ಕಾಲೇಜಿನ ಹುಡುಗ ಹುಡುಗಿಯರು. ಇವರಿಗೆ ಉಪದೇಶದ ವಾಸನೆ ಬಡಿದರೆ ಮುಗಿಯಿತು.

ಮೂವರಲ್ಲಿ ಒಬ್ಬರನ್ನು ಆರಿಸಿಕೊಳ್ಳಿ. ಮುಖಪುಟ, ಬೆನ್ನುಡಿ, ಬಿಡುಗಡೆಯ ಜಾಗ, ಬೆಲೆ, ಎಲ್ಲವೂ ಇಲ್ಲಿಂದಲೇ ತೀರ್ಮಾನವಾಗಬೇಕು.

ಅಚ್ಚಿಗೆ ಕೊಡುವ ಮುಂಚೆ

ಐಎಸ್‌ಬಿಎನ್ (ಪುಸ್ತಕದ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ) ಪಡೆಯಿರಿ. ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಇದನ್ನು ಉಚಿತವಾಗಿ ಕೊಡುತ್ತದೆ, ಅರ್ಜಿ ಆನ್‌ಲೈನ್‌ನಲ್ಲಿ. ದುಡ್ಡು ಕೊಟ್ಟರೆ ಕೊಡಿಸುತ್ತೇವೆ ಎನ್ನುವವರ ಹಿಂದೆ ಹೋಗಬೇಡಿ.

ಪುಟಗಳ ಲೆಕ್ಕ ಅಂಚೆಗೂ ಮುಖ್ಯ. ಮುಂದೆ ಹೇಳುತ್ತೇನೆ. ಸದ್ಯಕ್ಕೆ ಇಷ್ಟು ನೆನಪಿಡಿ: ಡೆಮಿ 1/8 ಅಳತೆ (ಸಾಮಾನ್ಯ ಕನ್ನಡ ಪುಸ್ತಕದ ಗಾತ್ರ), 70 ಜಿಎಸ್‌ಎಂ (ಕಾಗದದ ತೂಕದ ಅಳತೆ) ಕಾಗದ, 200 ಪುಟ. ಇಂಥ ಪುಸ್ತಕ ಪ್ಯಾಕಿಂಗ್ ಸೇರಿ 300 ಗ್ರಾಂ ಒಳಗೇ ಇರುತ್ತದೆ. 250 ಪುಟಕ್ಕೆ ಹೋದರೆ ದಾಟುವ ಸಾಧ್ಯತೆ ಜಾಸ್ತಿ.

ಇನ್ನು ಹಕ್ಕುಸ್ವಾಮ್ಯ. ಅಧ್ಯಾತ್ಮದ ಬರಹಗಾರರು ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ, "ದೇವರ ಮಾತಿಗೆ ಯಾರ ಹಕ್ಕು?" ಎಂದುಬಿಡುತ್ತಾರೆ. 12ನೇ ಶತಮಾನದ ವಚನಗಳಿಗೆ, ದಾಸರ ಪದಗಳಿಗೆ ಹಕ್ಕಿನ ತಕರಾರು ಇಲ್ಲ, ನಿಜ. ಆದರೆ ಇತ್ತೀಚಿನ ಅನುವಾದ, ವ್ಯಾಖ್ಯಾನ, ಹಾಡಿನ ಧ್ವನಿಮುದ್ರಣಕ್ಕೆ ಇದೆ. ನಮ್ಮ ಕಾಯ್ದೆಯಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ, ಅಂದರೆ ಕಗ್ಗದ ಹಕ್ಕು 2035ರ ಕೊನೆಯವರೆಗೂ ಇರುತ್ತದೆ. ಒಂದೆರಡು ಪದ್ಯ ಉದ್ಧರಿಸಿ ಚರ್ಚಿಸುವುದು ಬೇರೆ, ಐವತ್ತು ಪದ್ಯ ಎತ್ತಿ ಕ್ಯಾಲೆಂಡರ್ ಮಾಡುವುದು ಬೇರೆ. ಸಿನಿಮಾದ ಹಿನ್ನೆಲೆಗೆ ಹಳೆಯ ಭಕ್ತಿಗೀತೆ ಹಾಕಿಕೊಂಡವರ ವಿಡಿಯೋ ಯೂಟ್ಯೂಬ್‌ನಲ್ಲಿ ತಡೆಯಾಗುವುದು ದಿನಾ ನಡೆಯುವ ಕಥೆ.

ತುಣುಕು ಸಿದ್ಧಮಾಡುವುದು

ಇಡೀ ಕೆಲಸದ ಜೀವಾಳ ಇಲ್ಲಿದೆ. ಬಿಡುಗಡೆಗೆ ಎರಡು ತಿಂಗಳು ಇರುವಾಗಲೇ ಶುರುಮಾಡಿ.

ಪುಸ್ತಕದಿಂದ ಐದಾರು ಭಾಗ ಆರಿಸಿ. ಒಂದೊಂದೂ ಗಟ್ಟಿಯಾಗಿ ಓದಿದರೆ ಮೂರು ನಾಲ್ಕು ನಿಮಿಷ ಹಿಡಿಯಬೇಕು. ಆರಿಸುವಾಗ ಒಂದು ಪರೀಕ್ಷೆ ಮಾಡಿ: ಇದನ್ನು ಕೇಳಿದವರು ಇವತ್ತೇ ಏನಾದರೂ ಮಾಡಿ ನೋಡಬಹುದೇ? "ಮನಸ್ಸು ಚಂಚಲ" ಎಂಬ ಪುಟ ಬೇಡ, ಅದು ಎಲ್ಲರಿಗೂ ಗೊತ್ತು. "ಕಾಫಿ ಕುಡಿಯುವಾಗ ಫೋನು ಇನ್ನೊಂದು ಕೋಣೆಯಲ್ಲಿಡಿ, ಮೊದಲ ಮೂರು ಗುಟುಕಿನ ರುಚಿಯನ್ನಷ್ಟೇ ಗಮನಿಸಿ" ಎಂಬಂಥ ಪುಟ ಬೇಕು. ತತ್ವದ ಪುಸ್ತಕವಾದರೆ ಒಂದು ಪ್ರಶ್ನೆ ಎತ್ತಿ ನಿಲ್ಲಿಸುವ ಭಾಗ ತೆಗೆದುಕೊಳ್ಳಿ. ಉತ್ತರ ಪುಸ್ತಕದಲ್ಲಿರಲಿ.

ಈ ಭಾಗಗಳನ್ನು ಮೂರು ರೂಪಕ್ಕೆ ತನ್ನಿ. ಒಂದು, ಮಡಚಿದ ಎ4 ಹಾಳೆ. ಎರಡು, ಫೋನಿನಲ್ಲಿ ರೆಕಾರ್ಡ್ ಮಾಡಿದ ಓದು. ಲೇಖಕರ ದನಿಯೇ ಇರಲಿ, ಸ್ವಲ್ಪ ತೊದಲಿದರೂ ಪರವಾಗಿಲ್ಲ. ಫ್ಯಾನ್ ಆಫ್ ಮಾಡಿ, ಬಟ್ಟೆಯ ಬೀರು ಇರುವ ಕೋಣೆಯಲ್ಲಿ ರೆಕಾರ್ಡ್ ಮಾಡಿದರೆ ಪ್ರತಿಧ್ವನಿ ಕಡಿಮೆ. ಹಿಂದೆ ಕೊಳಲು ಹಾಕುವ ಆಸೆ ಬರುತ್ತದೆ. ಬೇಡ. ಮೂರು, ಗುಂಪಿನಲ್ಲಿ ನಡೆಸಬಹುದಾದ ಅರ್ಧ ಗಂಟೆಯ ಕೂಟ: ಐದು ನಿಮಿಷ ಓದು, ಹತ್ತು ನಿಮಿಷ ಮೌನ, ಉಳಿದದ್ದು ಮಾತುಕತೆ.

ಆ ಹತ್ತು ನಿಮಿಷದ ಮೌನವನ್ನು ಕತ್ತರಿಸಬೇಡಿ. ಆಯೋಜಕರು ಗಡಿಯಾರ ನೋಡುತ್ತಾ "ಎರಡು ನಿಮಿಷ ಸಾಕಲ್ವಾ?" ಎನ್ನುತ್ತಾರೆ. ಸಾಲದು. ಮೊದಲ ಎರಡು ನಿಮಿಷ ಜನ ಕೆಮ್ಮುತ್ತಾ, ಕುರ್ಚಿ ಸರಿಮಾಡಿಕೊಳ್ಳುತ್ತಾ ಕಳೆಯುತ್ತಾರೆ. ಮನಸ್ಸು ಸ್ವಲ್ಪವಾದರೂ ತಂಗುವುದು ಆಮೇಲೆ.

ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು

"ಈ ಪುಸ್ತಕ ಓದಿದರೆ ಸಕ್ಕರೆ ಕಾಯಿಲೆ ಹೋಗುತ್ತದೆ", "ಈ ಮಂತ್ರದಿಂದ ಬಿಪಿ ಇಳಿಯುತ್ತದೆ" ಎಂದು ಎಲ್ಲೂ ಬರೆಯಬೇಡಿ. ಮರ್ಯಾದೆಯ ಪ್ರಶ್ನೆ ಒಂದು ಕಡೆ, ಕಾನೂನಿನದು ಇನ್ನೊಂದು ಕಡೆ. 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಪಟ್ಟಿಯಲ್ಲಿರುವ ರೋಗಗಳನ್ನು ವಾಸಿಮಾಡುವ ಜಾಹೀರಾತುಗಳನ್ನು ತಡೆಯುತ್ತದೆ. ಮಧುಮೇಹ, ಕ್ಯಾನ್ಸರ್, ರಕ್ತದೊತ್ತಡ ಆ ಪಟ್ಟಿಯಲ್ಲಿವೆ. ತಾಯಿತ, ಕವಚ, ಮಂತ್ರ ಕೂಡ ಅದರ ವ್ಯಾಪ್ತಿಗೆ ಬರುತ್ತವೆ. ಸುಳ್ಳು ಭರವಸೆಯ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ದಂಡವಿದೆ. ಖಿನ್ನತೆ, ಆತಂಕದ ಬಗ್ಗೆ ಪುಸ್ತಕದಲ್ಲಿ ಮಾತಿದ್ದರೆ "ಔಷಧಿ ನಡೆಯುತ್ತಿದ್ದರೆ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ" ಎಂಬ ಸಾಲು ಒಳಪುಟದಲ್ಲಿ, ಕರಪತ್ರದಲ್ಲಿ ಎರಡೂ ಕಡೆ ಇರಲಿ.

ದುಡ್ಡು ಅಥವಾ ಉಡುಗೊರೆ ತೆಗೆದುಕೊಂಡು ಪುಸ್ತಕ ಹೊಗಳುವ ಇನ್‌ಸ್ಟಾಗ್ರಾಂನವರು ಅದು ಜಾಹೀರಾತು ಎಂದು ಹಾಕಲೇಬೇಕು. ನನ್ನನ್ನು ಕೇಳಿದರೆ, ಈ ವಿಷಯದಲ್ಲಿ ಕೊಂಡ ಹೊಗಳಿಕೆ ಬೇಡವೇ ಬೇಡ. ಓದುಗರಿಗೆ ಅದು ಬೇಗ ಗೊತ್ತಾಗುತ್ತದೆ.

ಬೇರೆ ಪಂಥ, ಬೇರೆ ಗುರುಗಳನ್ನು ಕೆಳಗೆ ಮಾಡಿ ನಿಮ್ಮದನ್ನು ಮೇಲೆ ತೋರಿಸಬೇಡಿ. ನಿಮ್ಮ ಮುಂದಿನ ಕೂಟಕ್ಕೆ ಜಾಗ ಕೊಡುವವರು ಅವರೇ ಆಗಿರಬಹುದು!

ಬಿಡುಗಡೆ ಸಮಾರಂಭ

ಬೆಂಗಳೂರಿನ ಭಾನುವಾರದ ಪುಸ್ತಕ ಬಿಡುಗಡೆ ನಿಮಗೆ ಗೊತ್ತೇ ಇದೆ. 10ಕ್ಕೆ ಉಪಾಹಾರ, 10.30ಕ್ಕೆ ಪ್ರಾರ್ಥನೆ. ವೇದಿಕೆಯ ಮೇಲೆ ಏಳು ಜನ. ಶಾಲು, ಪೇಟ, ಹಣ್ಣಿನ ಬುಟ್ಟಿ. ಲೇಖಕರಿಗೆ ಮೈಕ್ ಸಿಗುವ ಹೊತ್ತಿಗೆ 1 ಗಂಟೆ, ಹಿಂದಿನ ಸಾಲುಗಳು ಖಾಲಿ. ಸಮಾಧಾನದ ಬದುಕಿನ ಪುಸ್ತಕವನ್ನು ಇಷ್ಟು ಗಡಿಬಿಡಿಯಲ್ಲಿ ಬಿಡುಗಡೆ ಮಾಡುವುದು ನನಗೆ ತಮಾಷೆಯಾಗಿಯೇ ಕಾಣುತ್ತದೆ.

ವೇದಿಕೆಗೆ ಇಬ್ಬರು ಸಾಕು: ಲೇಖಕರು, ಮತ್ತು ಪುಸ್ತಕವನ್ನು ನಿಜವಾಗಿ ಓದಿಕೊಂಡು ಬಂದ ಒಬ್ಬರು. ಅವರಿಗೆ ಒಂದು ತಿಂಗಳು ಮುಂಚೆಯೇ ಪ್ರತಿ ಕೊಡಿ. ಭಾಷಣದ ಬದಲು ಸಂವಾದ ಇಡಿ. ನಡುವೆ ಒಂದು ಭಾಗದ ಓದು, ಆ ಹತ್ತು ನಿಮಿಷದ ಮೌನ. ಒಟ್ಟು 75 ನಿಮಿಷ. ಮುಗಿದ ಮೇಲೆ ಕಾಫಿ, ಕಾಫಿಯ ಪಕ್ಕದಲ್ಲೇ ಪುಸ್ತಕದ ಮೇಜು. ಬಾಗಿಲ ಬಳಿ ಬೇಡ, ಜನ ಹೊರಡುವ ಅವಸರದಲ್ಲಿರುತ್ತಾರೆ. ಯುಪಿಐ ಕ್ಯೂಆರ್ ಎರಡು ಕಡೆ ಅಂಟಿಸಿ, ಚಿಲ್ಲರೆ ಇಟ್ಟುಕೊಳ್ಳಿ. ಹಿರಿಯರು ಇನ್ನೂ ನೋಟು ಕೊಡುತ್ತಾರೆ.

ಜಾಗಕ್ಕೆ ದೊಡ್ಡ ಸಭಾಂಗಣದ ಆಸೆ ಬೇಡ. ಬಸವನಗುಡಿಯ ಬಿ.ಪಿ. ವಾಡಿಯಾ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ 1945ರಿಂದ ಇಂಥ ಉಪನ್ಯಾಸಗಳಿಗೆ ಹೆಸರಾದದ್ದು. ಡಿ.ವಿ.ಜಿ. ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯೂ ಅಲ್ಲೇ ಹತ್ತಿರ. ಎರಡು ಕಡೆಯೂ ಕೇಳುವುದಕ್ಕೇ ಬರುವ ಸಭಿಕರಿದ್ದಾರೆ. ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿ ನಯನ ಸಭಾಂಗಣ ಇದೆ, ಸಿಟಿಯ ಎಲ್ಲ ಕಡೆಯಿಂದ ಬರುವವರಿಗೆ ಅನುಕೂಲ. ಇಂಗ್ಲಿಷ್ ಓದುಗರೂ ಬೇಕು ಎಂದಾದರೆ ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್ ನೋಡಿ. ಇವರೆಲ್ಲ ಕಾರ್ಯಕ್ರಮದ ಪಟ್ಟಿಯನ್ನು ಮುಂಚೆಯೇ ಮಾಡಿಕೊಳ್ಳುತ್ತಾರೆ, ಎರಡು ಮೂರು ತಿಂಗಳ ಮೊದಲೇ ಪತ್ರ ಬರೆಯಿರಿ.

ಬಿಡುಗಡೆಯ ಮರುದಿನದಿಂದ

ಹೆಚ್ಚಿನವರು ಬಿಡುಗಡೆಗೆ ಎಲ್ಲ ಶಕ್ತಿ ಸುರಿದು ಮರುದಿನ ಮಲಗಿಬಿಡುತ್ತಾರೆ. ಅಸಲಿ ಪ್ರಚಾರ ಶುರುವಾಗುವುದೇ ಆಗ.

ಮೂರು ತಿಂಗಳು, ವಾರಕ್ಕೊಂದು ಸಣ್ಣ ಕೂಟ. ಹದಿನೈದು ಇಪ್ಪತ್ತು ಜನ ಬಂದರೆ ಬೇಕಾದಷ್ಟಾಯಿತು. ಅಪಾರ್ಟ್‌ಮೆಂಟಿನ ಕನ್ನಡ ಸಂಘಗಳು ರಾಜ್ಯೋತ್ಸವ ಮುಗಿದ ಮೇಲೆ ಏನು ಮಾಡುವುದೆಂದು ಯೋಚಿಸುತ್ತಿರುತ್ತವೆ, ಅವರನ್ನು ಕೇಳಿ. ಯೋಗ ತರಗತಿಯ ಕೊನೆಯ ಅರ್ಧ ಗಂಟೆ ಕೇಳಿ. ಲಾಲ್‌ಬಾಗ್‌ನಲ್ಲಿ ಬೆಳಗಿನ ನಡಿಗೆ ಮುಗಿಸಿ ಕಟ್ಟೆಯ ಮೇಲೆ ಕೂರುವ ಗುಂಪುಗಳಿವೆ. ಅವರಲ್ಲಿ ಒಬ್ಬರ ಪರಿಚಯವಾದರೆ ಸಾಕು, ಉಳಿದದ್ದು ಅವರೇ ಮಾಡುತ್ತಾರೆ. ಮಹಿಳಾ ಮಂಡಳಿ, ಹಿರಿಯ ನಾಗರಿಕರ ವೇದಿಕೆ, ಬಡಾವಣೆಯ ವಾಚನಾಲಯ ಇವೆಲ್ಲ ಇದ್ದೇ ಇವೆ.

ಹೋಗಬಾರದ ಕಡೆಗಳೂ ಇವೆ. ಕಬ್ಬನ್ ಪಾರ್ಕಿನಲ್ಲಿ ಶನಿವಾರ ಬೆಳಗ್ಗೆ ಸುಮ್ಮನೆ ಕೂತು ಓದುವ ಗುಂಪು ಸೇರುತ್ತದೆ. ಅಲ್ಲಿಗೆ ಓದುಗರಾಗಿ ಹೋಗಿ, ಕರಪತ್ರ ಹಿಡಿದು ಹೋಗಬೇಡಿ. ಹತ್ತು ದಿನದ ವಿಪಸ್ಸನ ಧ್ಯಾನ ಶಿಬಿರಗಳಲ್ಲಂತೂ ಓದು ಬರಹಕ್ಕೇ ಅವಕಾಶವಿಲ್ಲ. ಶಿಬಿರ ಕೇಂದ್ರದ ಗೇಟಿನ ಮುಂದೆ ಪುಸ್ತಕ ಮಾರಲು ನಿಂತರೆ ಅವರಿಗೂ ಕಿರಿಕಿರಿ, ನಿಮಗೂ ನಷ್ಟ. ಮಠ, ಆಶ್ರಮಗಳ ಮಳಿಗೆಗಳು ಸಾಮಾನ್ಯವಾಗಿ ತಮ್ಮ ಪರಂಪರೆಯ ಪ್ರಕಟಣೆಗಳನ್ನೇ ಇಡುತ್ತವೆ. ಒಮ್ಮೆ ಕೇಳಿ, ಇಲ್ಲ ಎಂದರೆ ಮುಂದೆ ಹೋಗಿ.

ಗೋಡೆಗೆ ಪೋಸ್ಟರ್ ಅಂಟಿಸುವ ವಿಚಾರ ಬಿಟ್ಟುಬಿಡಿ. ಸಾರ್ವಜನಿಕ ಜಾಗಗಳ ಅಂದಗೆಡಿಸುವುದನ್ನು ತಡೆಯುವ ಕರ್ನಾಟಕದ 1981ರ ಕಾಯ್ದೆಯ ಪ್ರಕಾರ ಅದು ಅಪರಾಧ.

ಅಂಗಡಿ ಮತ್ತು ಅಂಚೆ

ಕನ್ನಡ ಪುಸ್ತಕಕ್ಕೆ ಗಾಂಧಿ ಬಜಾರಿನ ಅಂಕಿತ, ಗಾಂಧಿನಗರದ ಸಪ್ನ, ನವಕರ್ನಾಟಕದ ಮಳಿಗೆಗಳು, ರಾಜಾಜಿನಗರದ ಆಕೃತಿ ಇವೆಲ್ಲ ಓದುಗರು ನಂಬಿ ಹೋಗುವ ಜಾಗಗಳು. ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್‌ನಲ್ಲಿ ಇಂಗ್ಲಿಷ್ ಪುಸ್ತಕದ ಓಡಾಟ ಜಾಸ್ತಿ. ಎಲ್ಲ ಕಡೆ ಒಂದೊಂದು ಹಿಡಿ ಕೊಟ್ಟು ಮರೆಯುವುದಕ್ಕಿಂತ ಎರಡು ಮೂರು ಅಂಗಡಿ ಆರಿಸಿ, ತಿಂಗಳಿಗೊಮ್ಮೆ ಹೋಗಿ ಮಾತಾಡಿಸಿ. ಕೌಂಟರಿನಲ್ಲಿ ಕೂರುವವರಿಗೆ ಒಂದು ಪ್ರತಿ ಓದಲು ಕೊಡಿ. "ಧ್ಯಾನದ ಬಗ್ಗೆ ಸುಲಭದ್ದು ಏನಿದೆ?" ಎಂದು ಗಿರಾಕಿ ಕೇಳಿದಾಗ ಕೈ ಯಾವ ಪುಸ್ತಕದ ಕಡೆ ಹೋಗುತ್ತದೆ ಎಂಬುದು ಅವರ ಮೇಲಿದೆ. ಅಂಗಡಿಯವರ ರಿಯಾಯಿತಿ ಎಷ್ಟು, ಮಾರದ ಪ್ರತಿ ವಾಪಸ್ ಯಾವಾಗ, ದುಡ್ಡು ಯಾವಾಗ ಎಂಬುದನ್ನು ಬರವಣಿಗೆಯಲ್ಲಿ ಇಟ್ಟುಕೊಳ್ಳಿ. ಅಧ್ಯಾತ್ಮದ ಪುಸ್ತಕವಾದರೂ ಲೆಕ್ಕ ಲೆಕ್ಕವೇ.

ಬೇರೆ ಊರಿನ ಓದುಗರಿಗೆ ಅಂಚೆ. ಹಳೆಯ ರಿಯಾಯಿತಿ ದರದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ನಿಂತುಹೋದಾಗ ಸಣ್ಣ ಪ್ರಕಾಶಕರು ಕಂಗಾಲಾದರು. 2025ರ ಮೇ 1ರಿಂದ ಜ್ಞಾನ ಪೋಸ್ಟ್ ಎಂಬ ಹೊಸ ಸೇವೆ ಬಂದಿದೆ. ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆ ಮಾತ್ರ. ಶುರುವಾದಾಗಿನ ದರ 300 ಗ್ರಾಂವರೆಗೆ ₹20, 5 ಕಿಲೋಗೆ ₹100, ತೆರಿಗೆ ಬೇರೆ. ನೆಲಮಾರ್ಗದಲ್ಲಿ ಹೋಗುತ್ತದೆ, ಸ್ವಲ್ಪ ನಿಧಾನ. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಬೇಕು, ಜಾಹೀರಾತು ಇರಬಾರದು. ಅಂದರೆ ಕೊನೆಯ ಪುಟದಲ್ಲಿ ಪ್ರಾಯೋಜಕರ ಜಾಹೀರಾತು ಹಾಕಿದರೆ ಈ ದರ ತಪ್ಪಿಹೋಗಬಹುದು. 200 ಪುಟ ಎಂದು ನಾನು ಒತ್ತಿ ಹೇಳಿದ್ದು ಇದಕ್ಕೇ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಆ ತಲೆನೋವು ಬೇಡ.

ಸಿನಿಮಾ ಆದರೆ

ಸಿನಿಮಾಕ್ಕೂ ಅದೇ ನಿಯಮ: ಸಣ್ಣ ಗುಂಪು, ಪ್ರದರ್ಶನದ ನಂತರ ಮಾತು. ಆದರೆ ಕ್ರಮ ತಪ್ಪಿದರೆ ಸರಿಮಾಡುವುದು ಕಷ್ಟ.

ಮೊದಲು ಚಿತ್ರೋತ್ಸವಗಳಿಗೆ ಕಳಿಸಿ. ಯೂಟ್ಯೂಬ್‌ಗೆ ಹಾಕಿಬಿಟ್ಟ ಚಿತ್ರವನ್ನು ಹಲವು ಉತ್ಸವಗಳು ತೆಗೆದುಕೊಳ್ಳುವುದಿಲ್ಲ. ಸೆನ್ಸಾರ್ ಪ್ರಮಾಣಪತ್ರವನ್ನೂ ಮಾಡಿಸಿ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಸಾರ್ವಜನಿಕ ಪ್ರದರ್ಶನಕ್ಕೆ ಅದು ಬೇಕು, ಸಾಕ್ಷ್ಯಚಿತ್ರಕ್ಕೂ ಬೇಕು. ಬೆಂಗಳೂರಿನಲ್ಲೇ ಪ್ರಾದೇಶಿಕ ಕಚೇರಿ ಇದೆ, ಅರ್ಜಿ ಆನ್‌ಲೈನ್. ಉತ್ಸವಗಳಿಗೆ ಬೇರೆ ವಿನಾಯಿತಿ ಇರುತ್ತದೆ, ಅದನ್ನು ಆಯೋಜಕರೇ ನೋಡಿಕೊಳ್ಳುತ್ತಾರೆ.

ಆಮೇಲೆ ಫಿಲ್ಮ್ ಸೊಸೈಟಿ. ಬನಶಂಕರಿ ಎರಡನೇ ಹಂತದ ಸುಚಿತ್ರ 1971ರಿಂದ ಇದೆ. ಅಲ್ಲಿನ ನೋಡುಗರು ಸಿನಿಮಾವನ್ನು ಸಿನಿಮಾ ಆಗಿಯೇ ನೋಡುತ್ತಾರೆ. "ಒಳ್ಳೆಯ ವಿಷಯ" ಎಂಬ ಕಾರಣಕ್ಕೆ ಮಾಫಿ ಇಲ್ಲ. ಇದು ಒಳ್ಳೆಯದೇ. ಅಧ್ಯಾತ್ಮದ ಚಿತ್ರ ಎಂದರೆ ಸೂರ್ಯೋದಯ, ಹರಿಯುವ ನೀರು, ಗಂಭೀರ ದನಿಯ ನಿರೂಪಣೆ ಎಂದುಕೊಂಡವರಿಗೆ ಅಲ್ಲಿ ಪಾಠ ಸಿಗುತ್ತದೆ.

ಟ್ರೇಲರ್ 60 ಸೆಕೆಂಡಿಗಿಂತ ಹೆಚ್ಚು ಬೇಡ. ಅದರಲ್ಲಿ ಕನಿಷ್ಠ ಒಂದು ಕಡೆ ಸಂಗೀತವಿಲ್ಲದೆ ಬಿಡಿ, ಉಳಿದ ಎಲ್ಲ ಟ್ರೇಲರ್‌ಗಳ ಗದ್ದಲದ ನಡುವೆ ಆ ಐದು ಸೆಕೆಂಡೇ ಎದ್ದು ಕಾಣುತ್ತದೆ. ಕನ್ನಡ ಚಿತ್ರಕ್ಕೆ ಇಂಗ್ಲಿಷ್ ಸಬ್‌ಟೈಟಲ್ ಜೊತೆ ಕನ್ನಡ ಸಬ್‌ಟೈಟಲನ್ನೂ ಮಾಡಿಸಿ, ಕಿವಿ ಮಂದವಾದ ಹಿರಿಯರಿಗೆ ಉಪಕಾರ. ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ತೋರಿಸುವುದಾದರೆ ಒಂದು ಗಂಟೆ ಮುಂಚೆ ಹೋಗಿ ಪ್ರೊಜೆಕ್ಟರ್, ಸ್ಪೀಕರ್ ನೋಡಿ. ಎಚ್‌ಡಿಎಂಐ ಕೇಬಲ್ ನಿಮ್ಮದೇ ಒಯ್ಯಿರಿ. ಚಿತ್ರ ಮುಗಿದ ತಕ್ಷಣ ಲೈಟ್ ಹಾಕಿ "ಹೇಗಿತ್ತು?" ಎಂದು ಮೈಕ್ ಚಾಚಬೇಡಿ. ಹೆಸರುಗಳು ಪೂರ್ತಿ ಓಡಲಿ.

ಫೋನಿನಲ್ಲಿ

ವಾಟ್ಸ್‌ಆ್ಯಪ್ ಮುಖ್ಯ, ಉಳಿದದ್ದು ಆಮೇಲೆ. ಕೂಟಕ್ಕೆ ಬಂದವರ ನಂಬರನ್ನು ಕೇಳಿ ಪಡೆಯಿರಿ, ಕೇಳದೆ ಗುಂಪಿಗೆ ಸೇರಿಸಬೇಡಿ. ಬ್ರಾಡ್‌ಕಾಸ್ಟ್ ಲಿಸ್ಟ್ (ಒಂದೇ ಸಂದೇಶ ಹಲವರಿಗೆ ಬೇರೆ ಬೇರೆಯಾಗಿ ಹೋಗುವ ಪಟ್ಟಿ) ಮಾಡಿದರೆ ಒಂದಕ್ಕೆ 256 ಜನ. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಹೋಗುತ್ತದೆ, ಅದನ್ನು ಕೂಟದಲ್ಲೇ ಹೇಳಿಬಿಡಿ. ವಾರಕ್ಕೆ ಒಂದು ತುಣುಕು ಸಾಕು. ದಿನಾ ಬೆಳಗ್ಗೆ ಹೂವಿನ ಚಿತ್ರದ ಮೇಲೆ ಸುಭಾಷಿತ ಕಳಿಸುವವರ ಸಾಲಿಗೆ ನೀವು ಸೇರಬೇಡಿ.

ಅಚ್ಚಿಗೆ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಬರಹ ಹಾಗೇ ಅಂತರ್ಜಾಲಕ್ಕೆ ಬರುವುದಿಲ್ಲ, ಯೂನಿಕೋಡ್‌ಗೆ (ಎಲ್ಲ ಫೋನು, ಕಂಪ್ಯೂಟರಿನಲ್ಲೂ ಓದಬಹುದಾದ ಅಕ್ಷರ ವ್ಯವಸ್ಥೆ) ಬದಲಿಸಬೇಕು. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಸರಿಯಿದೆಯೇ ನೋಡಿ. ಚಿತ್ರದೊಳಗಿನ ಅಕ್ಷರವನ್ನು ಹುಡುಕುವುದು ಕಷ್ಟ, ಆದ್ದರಿಂದ ಪುಸ್ತಕದ ಹೆಸರನ್ನು ಪಠ್ಯವಾಗಿಯೂ ಹಾಕಿ, ಇಂಗ್ಲಿಷ್ ಅಕ್ಷರದಲ್ಲೂ ಬರೆಯಿರಿ. ಕನ್ನಡಿಗರು ಹುಡುಕುವಾಗ ಬಹಳ ಜನ ಹಾಗೇ ಟೈಪ್ ಮಾಡುತ್ತಾರೆ, ಅಲ್ವಾ?

ಪತ್ರಿಕೆಗಳಿಗೆ ವಿಮರ್ಶೆಗಾಗಿ ಎರಡೆರಡು ಪ್ರತಿ ಕಳಿಸುವುದು ರೂಢಿ. ಜೊತೆಗೆ ಅರ್ಧ ಪುಟದ ಪರಿಚಯ, ಮುಖಪುಟದ ಚಿತ್ರ ಇರಲಿ. ಫೋನ್ ಮಾಡಿ ಪೀಡಿಸಬೇಡಿ. ಆಕಾಶವಾಣಿಯ ಬೆಳಗಿನ ಚಿಂತನಕ್ಕೆ ಈ ವಿಷಯ ಚೆನ್ನಾಗಿ ಒಪ್ಪುತ್ತದೆ. ಅಲ್ಲಿ ಪುಸ್ತಕದ ಹೆಸರು ಹೇಳಲು ಆಗದಿದ್ದರೂ ಲೇಖಕರ ದನಿ ಮನೆಮನೆಗೆ ಹೋಗುತ್ತದೆ.

ಯಾವಾಗ

ಜೂನ್ 21 ಯೋಗ ದಿನ, ಡಿಸೆಂಬರ್ 21 ವಿಶ್ವ ಧ್ಯಾನ ದಿನ (ವಿಶ್ವಸಂಸ್ಥೆ 2024ರಲ್ಲಿ ಗೊತ್ತುಮಾಡಿದ್ದು). ಗುರುಪೂರ್ಣಿಮೆ, ಬುದ್ಧಪೂರ್ಣಿಮೆ, ಬಸವ ಜಯಂತಿ ಇದ್ದೇ ಇವೆ. ಆ ದಿನಗಳಲ್ಲಿ ಎಲ್ಲರೂ ಕಾರ್ಯಕ್ರಮ ಇಟ್ಟಿರುತ್ತಾರೆ, ಸಭಾಂಗಣವೂ ಸಿಗದು, ಜನವೂ ಹಂಚಿಹೋಗುತ್ತಾರೆ. ಒಂದು ವಾರ ಮುಂಚೆ ಇಟ್ಟುಕೊಳ್ಳಿ, ಪತ್ರಿಕೆಗಳೂ ಆಗಲೇ ಲೇಖನ ಹುಡುಕುತ್ತಿರುತ್ತವೆ. ಚಾಮರಾಜಪೇಟೆಯ ಫೋರ್ಟ್ ಹೈಸ್ಕೂಲ್ ಮೈದಾನದ ರಾಮನವಮಿ ಸಂಗೀತೋತ್ಸವದ ತಿಂಗಳು ನನಗೆ ಇಷ್ಟ. ಕೂತು ಕೇಳುವ ಅಭ್ಯಾಸ ಇರುವ ಜನ ಆ ಕಡೆ ಓಡಾಡುತ್ತಿರುತ್ತಾರೆ. ಕಡಲೆಕಾಯಿ ಪರಿಷೆಯ ಜಂಗುಳಿಯಲ್ಲಿ ಮಾತ್ರ ಪುಸ್ತಕ ಮಾರುವ ಸಾಹಸ ಬೇಡ. ಅಲ್ಲಿ ಕಡಲೆಕಾಯಿಗೇ ಜಯ.

ಮೂರು ತಿಂಗಳ ನಂತರ

ಲೈಕುಗಳ ಲೆಕ್ಕ ಬಿಡಿ. ಮೂರು ಸಂಗತಿ ನೋಡಿ: ಕೂಟಕ್ಕೆ ಎರಡನೇ ಸಲ ಬಂದವರು ಎಷ್ಟು, ಉಡುಗೊರೆಗೆಂದು ಇನ್ನೊಂದು ಪ್ರತಿ ಕೊಂಡವರು ಎಷ್ಟು, ನೀವು ಕೇಳದೆಯೇ ಕರೆದ ಗುಂಪುಗಳು ಎಷ್ಟು. ಮೂರನೆಯದು ಸೊನ್ನೆ ಇದ್ದರೆ ಆರಿಸಿದ ತುಣುಕುಗಳು ಸರಿಯಿಲ್ಲ ಎಂದು ಅರ್ಥ. ಪುಸ್ತಕವನ್ನು ಮತ್ತೆ ಓದಿ, ಬೇರೆ ಭಾಗಗಳನ್ನು ತೆಗೆಯಿರಿ.

ಅಂಗಡಿಗಳಿಂದ ಮಾರದ ಪ್ರತಿಗಳನ್ನು ವಾಪಸ್ ತಂದು ಕೂಟಗಳಿಗೆ ಒಯ್ಯಿರಿ. ಸಾರ್ವಜನಿಕ ಗ್ರಂಥಾಲಯ ಇಲಾಖೆ ಪುಸ್ತಕ ಖರೀದಿಗೆ ಅರ್ಜಿ ಕರೆದಾಗ ಹಾಕಿ, ಆದರೆ ಆ ದುಡ್ಡನ್ನು ನಂಬಿಕೊಂಡು ಹೆಚ್ಚು ಪ್ರತಿ ಅಚ್ಚು ಹಾಕಿಸಬೇಡಿ. ಎರಡನೇ ಮುದ್ರಣದ ಹೊತ್ತು ಬಂದರೆ ಬೆನ್ನುಡಿ ಬದಲಿಸಿ. ದೊಡ್ಡವರ ಹೊಗಳಿಕೆ ತೆಗೆದು, ಓದಿದವರು ಬರೆದು ಕಳಿಸಿದ ಒಂದೆರಡು ಸಾಲನ್ನು ಅವರ ಒಪ್ಪಿಗೆ ಪಡೆದು ಹಾಕಿ.